ಎರಡು ಜೋಡಿ ಕಣ್ಣಿನ ಕಾವಲು

ವರವು ಕಾವಲ್ ಎಂಬ ಹುಲ್ಲುಗಾವಲಿನಲ್ಲಿ ಬೇಸಿಗೆಗೆ ಹುಲ್ಲು ಬಿಳಿಚಿಕೊಂಡು ನಿಂತಿರುತ್ತದೆ. ಅಮೃತಮಹಲ್ ದನಗಳಿಗಾಗಿ ಅರಸರು ಕಾದಿರಿಸಿದ್ದ ನೆಲವಿದು. ಈಗ ಒಂದು ಕಡೆ ಡಿಆರ್‌ಡಿಒ ವಿಮಾನ ಪರೀಕ್ಷಾ ನೆಲೆಯ ಗೋಡೆ, ಉಳಿದೆಡೆ ಕುರಿ, ಬಿಸಿಲು. ಇಲ್ಲಿ ವಾಂತಿಭೇದಿ ಹತ್ತಿದವರು ಹಟ್ಟಿಯಲ್ಲೇ ಎರಡು ದಿನ ಸಹಿಸಿ, ಮೂರನೆಯ ದಿನ ಆಸ್ಪತ್ರೆಯ ದಾರಿ ಹಿಡಿಯುತ್ತಾರೆ.

ಹಾಗೆ ಬಂದ ಕುರಿಗಾಹಿ ಅಜ್ಜನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳಿ. ಕೋಲು ಹಿಡಿಯುವ ಕೈಯಲ್ಲಿ ಬಲವಿಲ್ಲ, ಕಾಲು ಎತ್ತಿಡಲಾಗದು. ಲೀಟರ್ ರಕ್ತದ್ರವಕ್ಕೆ 3.5ರಿಂದ 5 ಮಿಲಿಮೋಲ್ ಇರಬೇಕಾದ ಪೊಟ್ಯಾಸಿಯಂ ಕುಸಿದಿದೆ. ಬಾಯಿಗೆ ಹಾಕಿದ್ದು ನಿಲ್ಲುತ್ತಿಲ್ಲ, ಡ್ರಿಪ್ಪಿನಲ್ಲೇ ಕೊಡಬೇಕು.

ಸಿಸ್ಟರ್ ಕೈಯಲ್ಲಿ ಪೊಟ್ಯಾಸಿಯಂ ಕ್ಲೋರೈಡಿನ 10 ಎಂ.ಎಲ್. ಆಂಪ್ಯೂಲ್. ಒಳಗಿರುವುದು 20 ಮಿಲಿಮೋಲ್. ಇಂಜೆಕ್ಷನ್‌ಗೆ ಬೆರೆಸುವ ನೀರಿನಷ್ಟೇ ತಿಳಿ, ಪಕ್ಕದಲ್ಲಿಟ್ಟರೆ ಅವಳಿಜವಳಿ. ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಗುಂಡಿಗೆಯೇ ನಿಂತೀತು. ಆದ್ದರಿಂದಲೇ ಈ ಗಾಢ ದ್ರಾವಣ ವಾರ್ಡಿನಲ್ಲಿ ಕೈಗೆ ಸಿಗುವಂತೆ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಎಚ್ಚರಿಸಿತು.

ಅಜ್ಜನಿಗೆ ಮೂತ್ರ ಸರಿಯಾಗಿ ಆಗುತ್ತಿದೆಯೇ ಎಂದು ಡಾಕ್ಟರು ಮೊದಲು ವಿಚಾರಿಸುತ್ತಾರೆ. ಸಿಸ್ಟರ್ ಆಂಪ್ಯೂಲನ್ನು 500 ಎಂ.ಎಲ್. ಸಲೈನ್‌ಗೆ ಸೇರಿಸಿ, ಬಾಟ್ಲಿಯನ್ನು ಹತ್ತಾರು ಸಲ ತಲೆಕೆಳಗು ಮಾಡುತ್ತಾರೆ. ಹಾಗೆ ಮಾಡದಿದ್ದರೆ ಔಷಧಿ ತಳದಲ್ಲೇ ಕೂತು, ಮೊದಲಿಗೇ ಒಟ್ಟಾಗಿ ಒಳಗೆ ಹೋಗುತ್ತದೆ. ಇನ್ನೊಬ್ಬ ಸಿಸ್ಟರ್ ಚೀಟಿ ನೋಡಿ ಹೆಸರು, ಪ್ರಮಾಣ, ವೇಗ ಗಟ್ಟಿಯಾಗಿ ಓದುತ್ತಾರೆ. ಸಾಮಾನ್ಯ ವಾರ್ಡಿನಲ್ಲಿ ಗಂಟೆಗೆ 10 ಮಿಲಿಮೋಲ್. ಅಂದರೆ ಈ ಬಾಟ್ಲಿಗೆ ಎರಡು ತಾಸು. ಅದಕ್ಕೂ ವೇಗ ಬೇಕಾದರೆ ಇಸಿಜಿ ಮಾನಿಟರಿನ ಎದುರಿಗೇ.

ಅಜ್ಜನ ಸೊಸೆಯ ಕೈ ಡ್ರಿಪ್ಪಿನ ಚಕ್ರದ ಮೇಲೆ. "ಸಿಸ್ಟರ್, ವಸಿ ಜೋರಾಗಿ ಬಿಡ್ರಿ, ಕೊನೇ ಬಸ್ ತಪ್ತೈತೆ."

"ಬ್ಯಾಡಮ್ಮ, ಮುಟ್ಟಬ್ಯಾಡ. ಇದು ಜೋರಾಗಿ ಹೋದ್ರೆ ಮಾವನ ಜೀವಕ್ಕೇ ಕುತ್ತು. ಕೈ ಉರಿ ಅಂದ್ರೆ ನನ್ನ ಕರಿ."

ಬಾಟ್ಲಿ ಮುಗಿದ ಮೇಲೆ ಮತ್ತೆ ರಕ್ತ ಪರೀಕ್ಷೆ.

ಇದರಲ್ಲಿ ಒಂದೂ ದುಬಾರಿ ಯಂತ್ರದ ಮಾತಲ್ಲ. ಆದರೆ ರಾತ್ರಿಪಾಳಿಯ ದಣಿದ ತಲೆ ಇಷ್ಟನ್ನೂ ನೆನಪಿಟ್ಟುಕೊಳ್ಳಲಿ ಎಂದು ಬಿಟ್ಟುಬಿಡುವುದು ತಪ್ಪು. ಪ್ರತಿ ಆಸ್ಪತ್ರೆಯ ವೈದ್ಯರು, ಸಿಸ್ಟರುಗಳು, ಔಷಧಿ ವಿತರಕರು ಒಟ್ಟಿಗೆ ಕೂತು ತಮ್ಮ ನಿಯಮವನ್ನು ಒಂದು ಪುಟದಲ್ಲಿ, ಕನ್ನಡದಲ್ಲಿ ಬರೆದು ಔಷಧಿಯ ಬೀರುವಿನ ಬಾಗಿಲಿಗೆ ಅಂಟಿಸಲಿ. ಹುಲ್ಲಿಗೂ ಕಾವಲಿಟ್ಟ ಸೀಮೆ ಇದು. ಜೀವಕ್ಕೆ ಅಷ್ಟಾದರೂ ಕಾವಲಿರಲಿ.