ಬಲಿ ಕೊಟ್ಟವರಾರು?

ಮೊನ್ನೆ ಭಾನುವಾರ ಬೆಳಿಗ್ಗೆ ಕಾಫಿಯ ಲೋಟದೊಡನೆ ಪತ್ರಿಕೆ ಬಿಡಿಸಿ ಕುಳಿತಿದ್ದೆ. ಈಚೆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತಿರುವ ಮಗಳು ನನ್ನ ಹೆಗಲ ಮೇಲಿನಿಂದ ಇಣುಕಿ, ಮೊದಲ ಪುಟದ ತಲೆಬರಹವನ್ನು ಓದಿದಳು: ‘ಲಾರಿಗೆ ಇಬ್ಬರು ಬಲಿ’. ಹಾಳೆ ತಿರುವಿದಾಗ ಕ್ರೀಡಾಪುಟದಲ್ಲಿ ‘ಸ್ಪಿನ್ ದಾಳಿಗೆ ಐವರು ಬಲಿ’ ಎಂದಿತ್ತು.

“ಅಪ್ಪಾ, ಈ ಐದು ಜನರೂ ಸತ್ತುಹೋದರೇ?”

“ಇಲ್ಲಮ್ಮ, ಔಟಾದರು, ಅಷ್ಟೇ.”

“ಹಾಗಾದರೆ ಆ ಇಬ್ಬರೂ ಔಟಾದರೇ?”

ಉತ್ತರ ಹೇಳಲು ನನಗೆ ನಾಲಗೆ ಏಳಲಿಲ್ಲ.

ಬಲಿ ಎಂಬುದು ಸಂಸ್ಕೃತದಿಂದ ಬಂದ ಬಹು ಹಳೆಯ ಶಬ್ದ. ಅದರಲ್ಲಿ ರಕ್ತದ ಕಲೆ ಇರಲೇಬೇಕೆಂಬ ನಿಯಮವೇನೂ ಇರಲಿಲ್ಲ. ಕಾಣಿಕೆ, ಕಪ್ಪ, ನೈವೇದ್ಯ ಇವೆಲ್ಲವೂ ಬಲಿಯೇ. ದೇವಾಲಯದ ಬಲಿಪೀಠದ ಮೇಲೆ ಇಂದಿಗೂ ಇಡುವುದು ಅನ್ನವನ್ನು. ರಾಜನಿಗೆ ಸಲ್ಲುತ್ತಿದ್ದ ಕಂದಾಯಕ್ಕೂ ಇದೇ ಹೆಸರಿತ್ತು. ಬುದ್ಧ ಹುಟ್ಟಿದ ಊರೆಂಬ ಕಾರಣಕ್ಕೆ ಲುಂಬಿನಿಯನ್ನು ಬಲಿಯಿಂದ ಮುಕ್ತಗೊಳಿಸಿದುದಾಗಿ ಅಶೋಕನ ಸ್ತಂಭಶಾಸನ ಸಾರುತ್ತದೆ. ಇಂಗ್ಲಿಷಿನ ‘ವಿಕ್ಟಿಮ್’ ಶಬ್ದವೂ ಲ್ಯಾಟಿನಿನಲ್ಲಿ ದೇವತೆಗೆ ಅರ್ಪಿಸುವ ಪಶುವಿನ ಹೆಸರಾಗಿತ್ತೆಂಬುದು ಇಲ್ಲಿ ಸ್ಮರಣೀಯ.

ಬಲಿಯೆಂದ ಮೇಲೆ ಮೂವರಿರಬೇಕು: ಕೊಡುವವನು, ಕೊಡಲ್ಪಡುವುದು, ಪಡೆಯುವವನು. ನಮ್ಮ ವ್ಯಾಕರಣದಲ್ಲಿ ‘ಗೆ’ ಎಂಬುದು ಚತುರ್ಥೀ ವಿಭಕ್ತಿ; ದಾನ ಯಾರಿಗೆ ಸಲ್ಲುತ್ತದೆಂಬುದನ್ನು ಅದು ತಿಳಿಸುತ್ತದೆ. ‘ಲಾರಿಗೆ ಇಬ್ಬರು ಬಲಿ’ ಎಂದಾಗ ಲಾರಿಯೇ ದೇವತೆ, ಸತ್ತವರು ನೈವೇದ್ಯ. ಕೊಟ್ಟವರು ಯಾರು? ಕುಡಿದು ಓಡಿಸಿದ ಚಾಲಕನೆ? ಮಿತಿಮೀರಿ ಹೇರಿಸಿದ ಮಾಲೀಕನೆ? ರಸ್ತೆಯ ಹೊಂಡ ಮುಚ್ಚದೆ ಹಣ ಪಡೆದ ಕಂಟ್ರಾಕ್ಟರನೆ? ವಾಕ್ಯದಲ್ಲಿ ಕರ್ತೃವಿಗೆ ಸ್ಥಳವೇ ಇಲ್ಲ. ಎಲ್ಲರೂ ಹಿಂಬಾಗಿಲಿನಿಂದ ಮೆಲ್ಲನೆ ಜಾರಿಕೊಳ್ಳುತ್ತಾರೆ.

‘ವರದಕ್ಷಿಣೆಗೆ ಗೃಹಿಣಿ ಬಲಿ’ ಎಂಬ ತಲೆಬರಹವಂತೂ ಇನ್ನೂ ಘೋರವಾದುದು. ವರದಕ್ಷಿಣೆಗೆ ಕೈಯಿಲ್ಲ, ಅದು ಬೆಂಕಿಕಡ್ಡಿ ಗೀರುವುದಿಲ್ಲ. ಈ ವಿಷಯದಲ್ಲಿ ಪತ್ರಿಕೆಗಿಂತ ಕಾನೂನೇ ನೇರವಾಗಿ ಮಾತನಾಡುತ್ತದೆ. 1986ರಲ್ಲಿ ಭಾರತೀಯ ದಂಡಸಂಹಿತೆಗೆ ಸೇರಿದ 304-ಬಿ ಕಲಮು, 2024ರಿಂದ ಭಾರತೀಯ ನ್ಯಾಯ ಸಂಹಿತೆಯ 80ನೆಯ ಕಲಮಾಗಿದೆ. ಮದುವೆಯಾದ 7 ವರ್ಷಗಳೊಳಗೆ ಹೆಣ್ಣು ಅಸಹಜವಾಗಿ ಸತ್ತು, ಸಾವಿಗೆ ಸ್ವಲ್ಪ ಮುಂಚೆ ಗಂಡನಾಗಲಿ ಅವನ ಬಂಧುಗಳಾಗಲಿ ಆಕೆಯನ್ನು ವರದಕ್ಷಿಣೆಗಾಗಿ ಪೀಡಿಸಿದುದು ಸಾಬೀತಾದರೆ, ಆ ಸಾವನ್ನು ಉಂಟುಮಾಡಿದವರು ಅವರೇ ಎಂದು ಅದು ಭಾವಿಸುತ್ತದೆ. ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಆಜೀವ ಸೆರೆ. ಕಾನೂನು ಹುಡುಕಿ ತರುವ ಕರ್ತೃವನ್ನು ತಲೆಬರಹ ಮರೆಮಾಡುವುದು ಸರಿಯೆ?

ಇನ್ನು ಆಟದ ಮಾತು. 1999ರ ಫೆಬ್ರವರಿ 7ರಂದು ದೆಹಲಿಯ ಕೋಟ್ಲಾ ಮೈದಾನದಲ್ಲಿ ನಮ್ಮ ಅನಿಲ್ ಕುಂಬಳೆಯವರು 74 ರನ್ ಕೊಟ್ಟು ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು ಉರುಳಿಸಿದರು. ಕ್ರೀಡಾಪುಟದ ಭಾಷೆಯಲ್ಲಿ ಅದು ಹತ್ತು ಬಲಿ. ಇಲ್ಲಿ ಮಾತ್ರ ಕರ್ತೃವಿನ ಹೆಸರು ಕೊಬ್ಬಿದ ಅಕ್ಷರಗಳಲ್ಲಿ ರಾರಾಜಿಸುತ್ತದೆ! ಯಾರೂ ಸಾಯದ ಕಡೆ ಬಲಿ ಪಡೆದವನಿಗೆ ಹಾರ. ನಿಜವಾಗಿ ಸತ್ತ ಕಡೆ ಅವನು ಅನಾಮಧೇಯ.

ಆಟದ ಬಲಿ ಕೇವಲ ಹಿಟ್ಟಿನ ಕೋಳಿಯಲ್ಲವೆ ಎಂದು ವಾಚಕರು ಕೇಳಬಹುದು. ಜನ್ನನ ಯಶೋಧರ ಚರಿತೆಯಲ್ಲಿ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟು, ಆ ಸಂಕಲ್ಪಹಿಂಸೆಗಾಗಿಯೇ ಜನ್ಮಾಂತರಗಳಲ್ಲಿ ನವೆದರು. ಮಾತಿನ ಹಿಂಸೆಗೆ ಅಷ್ಟು ದೊಡ್ಡ ದಂಡವೇನೂ ಬೇಡ. ಆದರೆ ದಿನವೂ ಹಿಟ್ಟಿನ ಕೋಳಿ ಕಡಿಯುವ ಕೈಗೆ ನಿಜವಾದ ಕೋಳಿಯ ಕೂಗು ಕೇಳದೆ ಹೋಗುವ ಅಪಾಯ ಇದ್ದೇ ಇದೆ.

ಸಂಜೆ ಮಗಳನ್ನು ಕರೆದು, “ಆ ಇಬ್ಬರು ಲಾರಿ ಗುದ್ದಿ ಸತ್ತುಹೋದರಮ್ಮ” ಎಂದೆ.

“ಲಾರಿ ಓಡಿಸುತ್ತಿದ್ದವರು ಯಾರು?” ಎಂದಳು.

ವರದಿಯನ್ನು ಮತ್ತೊಮ್ಮೆ ಆಮೂಲಾಗ್ರವಾಗಿ ಓದಿದೆ. ಅದರಲ್ಲಿ ಅವನ ಪ್ರಸ್ತಾಪವೇ ಇರಲಿಲ್ಲ.