ಶರಾವತಿಯಿಂದ ಕೊಟ್ಟಿಗೆಗೆ: ಕರೆಂಟು ಬರುವ ದಾರಿ, ರಾಸಿನ ರಕ್ಷಣೆ



ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ, ನೀರಿನ ಮೋಟಾರು, ಹಾಲು ತಣಿಸುವ ಘಟಕ - ಇಂದು ಹೈನುಗಾರಿಕೆಯ ಹಲವು ಕೆಲಸಗಳು ಕರೆಂಟನ್ನೇ ನಂಬಿವೆ. ಅದೇ ಕರೆಂಟು ಕೊಟ್ಟಿಗೆಯಲ್ಲಿ ಸೋರಿದರೆ ಹಾಲು ಕೊಡುವ ಹಸು ಕ್ಷಣದಲ್ಲಿ ಸಾಯಬಹುದು. ಕರೆಂಟು ಬರುವ ದಾರಿಯನ್ನು ತಿಳಿದರೆ ಈ ಅಪಾಯವನ್ನು ತಪ್ಪಿಸುವ ಬಗೆಯೂ ತಿಳಿಯುತ್ತದೆ.

ಉತ್ಪಾದನೆ

ನಮ್ಮ ರಾಜ್ಯದ ಶರಾವತಿ ಯೋಜನೆಯನ್ನೇ ನೋಡಿ. ಲಿಂಗನಮಕ್ಕಿ ಜಲಾಶಯದ ನೀರು ತಲಕಳಲೆಗೆ ಬಂದು, ಅಲ್ಲಿಂದ ಭಾರಿ ಕೊಳವೆಗಳಲ್ಲಿ ಘಟ್ಟದ ಕೆಳಗೆ ಧುಮುಕಿ ಟರ್ಬೈನುಗಳನ್ನು ತಿರುಗಿಸುತ್ತದೆ. ಟರ್ಬೈನಿನ ಜೊತೆ ಜನರೇಟರಿನ ಅಯಸ್ಕಾಂತ ತಿರುಗಿದಾಗ ಸುತ್ತಲಿನ ತಾಮ್ರದ ಸುರುಳಿಗಳಲ್ಲಿ ವಿದ್ಯುತ್ ಹುಟ್ಟುತ್ತದೆ. ಇಲ್ಲಿನ 10 ಘಟಕಗಳ ಒಟ್ಟು ಸಾಮರ್ಥ್ಯ 1,035 ಮೆಗಾವ್ಯಾಟ್. ರಾಯಚೂರಿನಲ್ಲಿ ಕಲ್ಲಿದ್ದಲಿನಿಂದ, ಕೈಗಾದಲ್ಲಿ ಅಣುಶಕ್ತಿಯಿಂದ ಕಾಯಿಸಿದ ನೀರಿನ ಆವಿ ಇದೇ ಕೆಲಸ ಮಾಡುತ್ತದೆ. ಪಾವಗಡದ ಸೌರಫಲಕಗಳಲ್ಲಿ ಮಾತ್ರ ತಿರುಗುವ ಯಂತ್ರವಿಲ್ಲ; ಬಿಸಿಲೇ ವಿದ್ಯುತ್ತಾಗುತ್ತದೆ.

ಸಾಗಣೆ

ತಂತಿಯಲ್ಲಿ ಹೆಚ್ಚು ಕರೆಂಟು ಹರಿದಷ್ಟೂ ತಂತಿ ಬಿಸಿಯಾಗಿ ವಿದ್ಯುತ್ ನಷ್ಟವಾಗುತ್ತದೆ. ವೋಲ್ಟೇಜನ್ನು 10 ಪಟ್ಟು ಏರಿಸಿದರೆ ಅಷ್ಟೇ ವಿದ್ಯುತ್ ಸಾಗಿಸಲು ಹತ್ತನೇ ಒಂದು ಪಾಲು ಕರೆಂಟು ಸಾಕು. ನಷ್ಟ ನೂರನೇ ಒಂದು ಪಾಲಿಗೆ ಇಳಿಯುತ್ತದೆ. ಈ ಕಾರಣದಿಂದಲೇ 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಒಯ್ದಾಗಲೂ ಅಧಿಕ ವೋಲ್ಟೇಜನ್ನೇ ಬಳಸಿದರು. ಇಂದು ದೊಡ್ಡ ಗೋಪುರಗಳ ಮೇಲೆ 2 ಲಕ್ಷದ 20 ಸಾವಿರ, 4 ಲಕ್ಷ ವೋಲ್ಟಿನಲ್ಲಿ ಸಾಗುವ ವಿದ್ಯುತ್, ಉಪಕೇಂದ್ರಗಳಲ್ಲಿ ಹಂತ ಹಂತವಾಗಿ ಇಳಿದು 11 ಸಾವಿರ ವೋಲ್ಟಿನಲ್ಲಿ ನಿಮ್ಮೂರಿನ ಟಿ.ಸಿ.ಗೆ ಬರುತ್ತದೆ. ಟಿ.ಸಿ. ಅದನ್ನು ಇನ್ನೂ ಇಳಿಸಿ ಮನೆಗೆ 230 ವೋಲ್ಟ್, ಮೂರು ಫೇಸಿನ ಮೋಟಾರಿಗೆ ಸುಮಾರು 400 ವೋಲ್ಟ್ ಕೊಡುತ್ತದೆ.

ಕೊಟ್ಟಿಗೆಯಲ್ಲಿ ಅಪಾಯವೇಕೆ?

ಟಿ.ಸಿ.ಯ ನ್ಯೂಟ್ರಲ್ ತಂತಿಯನ್ನು ಭೂಮಿಗೆ ಜೋಡಿಸಿರುತ್ತಾರೆ. ಆದ್ದರಿಂದ ಸೋರಿದ ಕರೆಂಟು ಭೂಮಿಯ ಮೂಲಕ ಟಿ.ಸಿ.ಗೆ ಮರಳಲು ದಾರಿ ಹುಡುಕುತ್ತದೆ. ಗಂಜಲದಿಂದ ನೆನೆದ ನೆಲದ ಮೇಲೆ ನಿಂತು, ಕಬ್ಬಿಣದ ಸರಪಳಿಗೆ ಕಟ್ಟಿಸಿಕೊಂಡ ಹಸುವೇ ಆ ದಾರಿಯಾಗುತ್ತದೆ. ನಮ್ಮ ಕಾಲಿಗೆ ಚಪ್ಪಲಿ ಇರುತ್ತದೆ, ಹಸುವಿಗಿಲ್ಲ. ಅದರ ಮುಂಗಾಲು, ಹಿಂಗಾಲುಗಳ ನಡುವೆ ಅಂತರ ಹೆಚ್ಚಿರುವುದರಿಂದ ನೆಲದಲ್ಲಿ ಹರಿಯುವ ಕರೆಂಟು ಸಹ ಎದೆಯ ಮೂಲಕ ಹಾಯುತ್ತದೆ. ನಮಗೆ ಬರೀ ಜುಮ್ಮೆನ್ನುವ ಸೋರಿಕೆ ಹಸುವಿನ ಪ್ರಾಣ ತೆಗೆಯಬಲ್ಲದು.

ಕೆಲವೇ ವೋಲ್ಟಿನ ಸೋರಿಕೆಯೂ ಹಾಲಿಗೆ ಪೆಟ್ಟು. ಹಸು ತೊಟ್ಟಿಯ ನೀರಿಗೆ ಬಾಯಿಟ್ಟು ತಟ್ಟನೆ ಹಿಂದೆ ಸರಿಯುವುದು, ಕರೆಯುವಾಗ ಮೇಲಿಂದ ಮೇಲೆ ಕಾಲೆತ್ತುವುದು, ಸೊರ ಬಿಡದಿರುವುದು ಕಂಡರೆ ಕೆಚ್ಚಲಿನ ಜೊತೆಗೆ ವೈರಿಂಗನ್ನೂ ಪರೀಕ್ಷಿಸಿ. ಗಾಬರಿಯಾದ ಹಸು ಹಾಲಿಳಿಸುವುದಿಲ್ಲ.

ನೀವು ಮಾಡಬೇಕಾದ್ದು

1. ಮೋಟಾರು, ಯಂತ್ರಗಳ ಲೋಹದ ಭಾಗಕ್ಕೆ ಅರ್ಥಿಂಗ್ ತಪ್ಪದೆ ಇರಲಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಿ.

2. ಒಣ ಮಣ್ಣಿನಲ್ಲಿ ಅರ್ಥಿಂಗ್ ಇದ್ದರೂ ಫ್ಯೂಸ್ ಹೋಗದಿರಬಹುದು. ಹಾಗಾಗಿ 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್.ಸಿ.ಸಿ.ಬಿ. ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ.

3. ಬರೀ ವೈರನ್ನು ಬೆಂಕಿಕಡ್ಡಿಯಿಂದ ಸಾಕೆಟ್ಟಿಗೆ ಸಿಕ್ಕಿಸಬೇಡಿ. ಮೂರು ಪಿನ್ನಿನ ಪ್ಲಗ್ ಬಳಸಿ. ಅದರ ದಪ್ಪ ಪಿನ್ನೇ ಅರ್ಥಿಂಗ್.

4. ವಿದ್ಯುತ್ ಕಂಬಕ್ಕಾಗಲಿ, ಅದರ ಬಿಗಿತಂತಿಗಾಗಲಿ ರಾಸು ಕಟ್ಟಬೇಡಿ. ಟಿ.ಸಿ. ಬಳಿ ಮೇಯಲು ಬಿಡಬೇಡಿ.

5. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಕರೆ ಮಾಡಿ.

ಕೊಟ್ಟಿಗೆಯಲ್ಲಿ ರಾಸಿಗೆ ಕರೆಂಟು ಹೊಡೆದರೆ ಮೊದಲು ಮೇನ್ ಸ್ವಿಚ್ ತೆಗೆಯಿರಿ. ಅದಕ್ಕೂ ಮುನ್ನ ರಾಸನ್ನಾಗಲಿ, ಸರಪಳಿಯನ್ನಾಗಲಿ ಮುಟ್ಟಬೇಡಿ. ಹಸುವನ್ನು ಉಳಿಸಲು ಹೋಗಿ ಮನೆಯವರೇ ಬಲಿಯಾದಾರು. ರಾಸು ಸತ್ತಿದ್ದರೆ ಹೂಳುವ ಮುನ್ನ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ, ವಿದ್ಯುತ್ ಕಚೇರಿಗೂ ವಿಮಾ ಕಂಪನಿಗೂ ತಿಳಿಸಿ. ಕಿವಿಯೋಲೆಯನ್ನು ಜೋಪಾನವಾಗಿಡಿ.

ಕಂಬದಿಂದ ಮೀಟರಿನವರೆಗಿನ ಹೊಣೆ ವಿದ್ಯುತ್ ಕಂಪನಿಯದು. ಮೀಟರಿನಿಂದ ಗೋದಲಿಯವರೆಗಿನ ಹೊಣೆ ನಮ್ಮದು. ಮಳೆಗಾಲಕ್ಕೆ ಮೊದಲೇ ಪರವಾನಗಿ ಇರುವ ಎಲೆಕ್ಟ್ರೀಷಿಯನ್‌ರಿಂದ ಕೊಟ್ಟಿಗೆಯ ವೈರಿಂಗ್ ತಪಾಸಣೆ ಮಾಡಿಸಿಕೊಳ್ಳಿ.