ಸಿರಪ್ಪಿಗಿಂತ ಮೊದಲು ಸರಿಹಿಟ್ಟು

ವಿಜಯನಗರದ ಮೆಡಿಕಲ್ ಸ್ಟೋರ್‌ಗಳ ಮುಂದೆ ಸಂಜೆ ಹೊತ್ತು ಈ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ: ‘ಮಗು ಊಟಾನೇ ಮಾಡಲ್ಲ ಅಣ್ಣ, ಜೀರ್ಣ ಆಗೋಕೆ ಏನಾದ್ರೂ ಸಿರಪ್ ಕೊಡಿ.’ ಕೊಡುವ ಬಾಟಲಿಯ ಮೇಲೆ ಸಾಮಾನ್ಯವಾಗಿ ಎರಡು ಹೆಸರು: ಫಂಗಲ್ ಡಯಾಸ್ಟೇಸ್, ಪೆಪ್ಸಿನ್. ಮೊದಲನೆಯದು ಪಿಷ್ಟವನ್ನು, ಎರಡನೆಯದು ಪ್ರೋಟೀನನ್ನು ಒಡೆಯುವ ಕಿಣ್ವ. ಡಯಾಸ್ಟೇಸನ್ನು ಬೂಷ್ಟಿನಿಂದ ತೆಗೆಯುವ ವಿಧಾನಕ್ಕೆ ಜಪಾನಿನ ಜೋಕಿಚಿ ತಕಮಿನೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1894ರಲ್ಲಿ.

ಆ ಪೇಟೆಂಟಿನ ಸುದ್ದಿ ಗೊತ್ತಿಲ್ಲದೆಯೇ ನಮ್ಮ ಮನೆಗಳಲ್ಲಿ ಅದೇ ಕೆಲಸ ಬಟ್ಟೆಯ ಗಂಟಿನೊಳಗೆ ನಡೆಯುತ್ತಿತ್ತು. ರಾಗಿ ನೆನೆಸಿ, ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಒಣಗಿಸಿ, ಬೇರು ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸಿ, ಬಟ್ಟೆಯಲ್ಲಿ ಸೋಸಿದರೆ ಸರಿಹಿಟ್ಟು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಡಯಾಸ್ಟೇಸಿನ ಜಾತಿಯದೇ ಕಿಣ್ವ; ಗಂಜಿ ಬಿಸಿಯಾಗುತ್ತಿರುವಾಗ ಪಿಷ್ಟವನ್ನು ಕತ್ತರಿಸಿ ಅದನ್ನು ತೆಳ್ಳಗಾಗಿಸುತ್ತದೆ. ಕುದಿದ ಮೇಲೆ ಕಿಣ್ವ ಸಾಯುತ್ತದೆ, ಅಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ಹಾಗಾಗಿ ಅಷ್ಟೇ ತೆಳುವಾದ ಗಂಜಿಯಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ, ಪುಟ್ಟ ಹೊಟ್ಟೆಗೆ ಹೆಚ್ಚು ಶಕ್ತಿ ಸಿಗುತ್ತದೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಮಲ್ಲೇಶಿ, ದೇಸಿಕಾಚಾರ್ 1982ರಲ್ಲಿ ಮೊಳಕೆ ರಾಗಿ, ಹೆಸರುಕಾಳಿನ ಶಿಶು ಆಹಾರದ ಬಗ್ಗೆ ಬರೆದದ್ದು ಇದನ್ನೇ. ಆದರೆ ಹೊಗೆ ಬರುವ ತನಕ ಹುರಿದರೆ ಘಮಘಮವಷ್ಟೇ ಉಳಿದು ಅಮೈಲೇಸ್ ಹೋಗಿಬಿಡುತ್ತದೆ. ಅಂಗಡಿಯ ಪ್ಯಾಕೆಟ್ಟಿನ ಸರಿಹಿಟ್ಟನ್ನು ಎಷ್ಟು ಹುರಿದಿದ್ದಾರೆಂದು ಯಾರು ಹೇಳುತ್ತಾರೆ?

ಇನ್ನು ‘ತಿನ್ನಲ್ಲ’ ಎಂಬ ದೂರು. ಮೊದಲ ಹುಟ್ಟುಹಬ್ಬಕ್ಕೆ ಹುಟ್ಟಿದಾಗಿನ ಮೂರು ಪಟ್ಟು ತೂಗುವ ಮಗು, ಎರಡನೇ ವರ್ಷ ಏರುವುದು ಎರಡು–ಎರಡೂವರೆ ಕಿಲೊ. ಬೆಳವಣಿಗೆ ನಿಧಾನವಾದಂತೆ ಹಸಿವೂ ಇಳಿಯುತ್ತದೆ. ಅದು ಕಿಣ್ವದ ಕೊರತೆಯಲ್ಲ. ಊಟಕ್ಕೆ ಮುಂಚೆ ಎರಡು ಲೋಟ ಹಾಲು, ಬಿಸ್ಕತ್ತು ಕೊಟ್ಟು, ಆಮೇಲೆ ಸಿರಪ್ ಬಾಟಲಿ ತಂದರೆ ಪಾಪ, ಡಯಾಸ್ಟೇಸ್ ಏನು ಮಾಡೀತು!

ಕಿಣ್ವ ನಿಜಕ್ಕೂ ಬೇಕಾದ ಮಕ್ಕಳೂ ಇದ್ದಾರೆ. ಸಿಸ್ಟಿಕ್ ಫೈಬ್ರೋಸಿಸ್ ಇರುವ ಬಹುತೇಕ ಮಕ್ಕಳಲ್ಲಿ ಮೇದೋಜ್ಜೀರಕ ಗ್ರಂಥಿಯ ರಸ ಕರುಳಿಗೆ ಸರಿಯಾಗಿ ಇಳಿಯುವುದಿಲ್ಲ. ಅವರಿಗೆ ಪ್ರತಿ ಊಟದ ಜೊತೆ ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್ ಬೇಕು. ನುಂಗಲಾಗದ ಮಗುವಿಗೆ ಅದನ್ನು ಬಿಚ್ಚಿ, ಒಳಗಿನ ಕಾಳುಗಳನ್ನು ಸೇಬಿನ ತಿರುಳಿನಂಥದರಲ್ಲಿ ಕೊಡುತ್ತಾರೆ. ಕಾಳು ಅಗಿಯಬಾರದು. ಡೋಸ್ ಮಗುವಿನ ತೂಕ ನೋಡಿ ವೈದ್ಯರೇ ಹೇಳಬೇಕು; 1990ರ ದಶಕದಲ್ಲಿ ಅತಿ ಹೆಚ್ಚು ಡೋಸ್ ಪಡೆದ ಕೆಲ ಮಕ್ಕಳ ದೊಡ್ಡ ಕರುಳು ಕಿರಿದಾದದ್ದುಂಟು.

ಮಲ ಎಣ್ಣೆಯಂತೆ ಜಿಡ್ಡಾಗಿ ನಾರುತ್ತಿದ್ದರೆ, ತೂಕ ನಿಂತಿದ್ದರೆ, ಕೆಮ್ಮು ಬಿಡದಿದ್ದರೆ ಮೆಡಿಕಲ್ ಸ್ಟೋರಿಗಲ್ಲ, ಮಕ್ಕಳ ವೈದ್ಯರ ಬಳಿಗೆ ಹೋಗಿ. ತಾಯಿ ಕಾರ್ಡ್ ಮರೆಯದೆ ಒಯ್ಯಿರಿ. ತೂಕದ ಗೆರೆ ಅದರಲ್ಲೇ ಇರುತ್ತದೆ.